ಕ್ಲಚ್ ಮೇಡಂ ಕಥೆಪುಸ್ತಕ ಆರಿಸಿದ್ದು

ಡ್ರೈವಿಂಗ್ ಸ್ಕೂಲಿನಲ್ಲಿ ಅವಳಿಗೆ ಕ್ಲಚ್ ಮೇಡಂ ಎಂದೇ ಹೆಸರು. "ಕ್ಲಚ್ಚು, ಕ್ಲಚ್ಚು, ಪೂರ್ತಿ ಒತ್ತಿ" ಎಂದು ಪಕ್ಕದ ಸೀಟಿನಿಂದ ದಿನಕ್ಕೆ ನಾನೂರು ಸಲವಾದರೂ ಹೇಳುತ್ತಿದ್ದಳು. ಹೆಸರು ತನಗೆ ಅಂಟಿಕೊಂಡಿರುವುದು ಅವಳಿಗೂ ಗೊತ್ತಿತ್ತು, ಅದರ ಬಗ್ಗೆ ತಕರಾರೇನೂ ಇರಲಿಲ್ಲ. ಹದಿನೇಳು ವರ್ಷಗಳಲ್ಲಿ ಎಂಥೆಂಥವರಿಗೋ ಗಾಡಿ ಕಲಿಸಿದ್ದಳು. ಸ್ಟೀರಿಂಗ್ ಹಿಡಿದರೆ ಗಡಗಡ ನಡುಗುವವರು, ಮೂರನೇ ದಿನಕ್ಕೇ ತಮಗೆಲ್ಲ ಬಂತೆಂದು ಬೀಗುವವರು, ಎದುರಿಗೆ ಬಸ್ಸು ಬಂದರೆ ಕಣ್ಣು ಮುಚ್ಚಿಕೊಳ್ಳುವವರು. ಯಾರ ಮೇಲೂ ಅವಳು ಕೂಗಾಡಿದ್ದಿಲ್ಲ. ತನ್ನ ಕಾಲಡಿಯಲ್ಲೇ ಇನ್ನೊಂದು ಬ್ರೇಕ್ ಇರುವಾಗ ಗಂಟಲು ಯಾಕೆ ಹರಿದುಕೊಳ್ಳಬೇಕು ಎನ್ನುವವಳು.

ಅವಳ ಅಪ್ಪ ಲಾರಿ ಓಡಿಸುತ್ತಿದ್ದ. ಹತ್ತೊಂಬತ್ತನೇ ವಯಸ್ಸಿಗೆ ಅವಳೂ ಒಂದು ಬೇಕರಿಯ ಬ್ರೆಡ್ ವ್ಯಾನು ಹತ್ತಿದಳು. ಅಲ್ಲಿಂದ ಡ್ರೈವಿಂಗ್ ಸ್ಕೂಲು. ಮದುವೆಯ ಮಾತು ಬಂದಾಗಲೆಲ್ಲ ನೋಡೋಣ, ನೋಡೋಣ ಎನ್ನುತ್ತಲೇ ಮೂವತ್ತೆಂಟು ತುಂಬಿತ್ತು. ಆಗ ಕಲಿಯಲು ಬಂದವನು ಒಬ್ಬ ಲಿಫ್ಟ್ ಮೆಕ್ಯಾನಿಕ್. ಹದಿನಾಲ್ಕನೇ ಮಹಡಿಯ ಕತ್ತಲ ಬಾವಿಯಲ್ಲಿ ಹಗ್ಗ ಕಟ್ಟಿಕೊಂಡು ನೇತಾಡುವ ಮನುಷ್ಯ ಬಲಕ್ಕೆ ತಿರುಗಿಸು ಎಂದರೆ ಬೆವರುತ್ತಿದ್ದ. "ಮೇಲೆ ಕೆಳಗೆ ಹೋಗೋದು ಗೊತ್ತು ಮೇಡಂ, ಈ ಎಡ ಬಲದ್ದೇ ಕಷ್ಟ" ಎಂದು ಅವನು ಅಂದ ದಿನ ಅವಳು ಗಾಡಿ ಪಕ್ಕಕ್ಕೆ ಹಾಕಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಎಲ್ಲರಿಗೂ ಇಪ್ಪತ್ತು ಪಾಠ ಸಾಕಾದರೆ ಅವನಿಗೆ ನಲವತ್ತು ಬೇಕಾಯಿತು. ನಲವತ್ತನೆಯ ಪಾಠದ ಹೊತ್ತಿಗೆ ಅವನ ಹೆಂಡತಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡು ಎರಡು ವರ್ಷವಾಗಿದೆಯೆಂದೂ, ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆಂದೂ ಅವಳಿಗೆ ತಿಳಿದಿತ್ತು. ಲೈಸೆನ್ಸು ಸಿಕ್ಕಿದ ಮರುವಾರವೇ ಅವನು ಬಂದು, ಮದುವೆಯಾಗುತ್ತೀರಾ ಎಂದು ಕೇಳಿದ. ಅವಳು ಎರಡು ದಿನ ಯೋಚಿಸಿ ಒಪ್ಪಿಕೊಂಡಳು.

ಹಾಗೆ ಅವಳು ಮೂರನೇ ಮಹಡಿಯ ಎರಡು ಕೋಣೆಯ ಮನೆಗೆ ಬಂದಳು. ದೊಡ್ಡವಳಿಗೆ ಹತ್ತು ವರ್ಷ, ಚಿಕ್ಕವನಿಗೆ ಆರು. ಚಿಕ್ಕವನು ಯಾರೋ ಹೇಳಿಕೊಟ್ಟಂತೆ ಮೊದಲ ದಿನದಿಂದಲೇ "ಚಿಕ್ಕಮ್ಮ" ಎಂದ. ದೊಡ್ಡವಳು ಏನೂ ಅನ್ನಲಿಲ್ಲ. ಏನಾದರೂ ಬೇಕಾದರೆ ಹತ್ತಿರ ಬಂದು ನಿಂತು, ಇವಳು ತಿರುಗಿ ನೋಡುವವರೆಗೆ ಕಾಯುತ್ತಿದ್ದಳು. ಜಗಳವಿಲ್ಲ, ಎದುರುತ್ತರವಿಲ್ಲ. ಹೋಟೆಲಿಗೆ ಬಂದ ಅತಿಥಿಯ ಜೊತೆ ನಡೆದುಕೊಳ್ಳುವಷ್ಟು ಮರ್ಯಾದೆ. ಆ ಮರ್ಯಾದೆಯೇ ಕ್ಲಚ್ ಮೇಡಂಗೆ ಚುಚ್ಚುತ್ತಿತ್ತು. ಇನ್ನೊಂದು ಸಂಗತಿಯನ್ನೂ ಅವಳು ಬಂದ ವಾರದಲ್ಲೇ ಗಮನಿಸಿದಳು. ತೀರಿಕೊಂಡವಳ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಚಿಕ್ಕವನು ಒಂದು ಸಲ "ಅಮ್ಮನ ಕೊಡೆ" ಎಂದಾಗ ಅವನಪ್ಪ ಥಟ್ಟನೆ ಟಿ.ವಿ. ಹಾಕಿದ್ದ.

ಓದಿನ ಸಮಾಚಾರ ಶುರುವಾದದ್ದು ಶಾಲೆಯಿಂದ. ಚಿಕ್ಕವನ ಟೀಚರು ಕರೆಸಿ, ಹುಡುಗ ಅಕ್ಷರ ಕೂಡಿಸಿ ಓದಲು ತಡವರಿಸುತ್ತಾನೆ, ದಿನಾ ಸಂಜೆ ಅರ್ಧ ಗಂಟೆ ಮನೆಯವರೆಲ್ಲ ಕೂತು ಒಂದು ಕಥೆಪುಸ್ತಕ ಗಟ್ಟಿಯಾಗಿ ಓದಿ ಎಂದರು. ಲಿಫ್ಟ್ ಮೆಕ್ಯಾನಿಕ್ ಎರಡು ದಿನ ಓದಿದ. ಅವನು ಓದುವುದು ಯಂತ್ರದ ಜೊತೆ ಬರುವ ಸೂಚನಾ ಪತ್ರ ಓದಿದ ಹಾಗಿತ್ತು. ಮೊಲ ಓಡಿತು. ನಿಲುಗಡೆ. ನರಿ ನೋಡಿತು. ನಿಲುಗಡೆ. ಮೂರನೇ ದಿನ ಚಿಕ್ಕವನು ಕೂತಲ್ಲೇ ನಿದ್ದೆ ಹೋದ.

"ಕೊಡಿ ಇಲ್ಲಿ, ನಾನು ಓದ್ತೀನಿ" ಎಂದಳು ಕ್ಲಚ್ ಮೇಡಂ.

ಅವಳೇನು ಪುಸ್ತಕದ ಹುಳುವಲ್ಲ. ಶಾಲೆ ಬಿಟ್ಟ ಮೇಲೆ ಕಥೆಪುಸ್ತಕ ಮುಟ್ಟಿದವಳೇ ಅಲ್ಲ. ಆದರೆ ದಿನವಿಡೀ ಮಾತಾಡಿ ಪಳಗಿದ ಗಂಟಲು ಅವಳದು. ನರಿಗೊಂದು ಧ್ವನಿ, ಮೊಲಕ್ಕೊಂದು ಧ್ವನಿ ತಾನಾಗಿಯೇ ಬಂತು. ಚಿಕ್ಕವನು ನಕ್ಕ. ದೊಡ್ಡವಳು ಮಾತ್ರ ಕಿಟಕಿಯ ಕಡೆ ನೋಡುತ್ತ ಕೂತಿದ್ದಳು.

"ಹಿಡಿಸಲಿಲ್ವಾ?" ಎಂದು ಕೇಳಿದರೆ, "ಚೆನ್ನಾಗಿದೆ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಅದರಲ್ಲಿ ಏನೂ ಆಗಲ್ಲ" ಎಂದಳು.

ಮಾತು ನಿಜವೇ. ಮೊಲಗಳು ಪಿಕ್‌ನಿಕ್ಕಿಗೆ ಹೋದವು, ಕ್ಯಾರೆಟ್ ತಿಂದವು, ಮನೆಗೆ ಬಂದವು. ಮರುದಿನ ಕ್ಲಚ್ ಮೇಡಂ ಎರಡು ಪಾಠಗಳ ನಡುವೆ ಗಾಡಿಯನ್ನು ಊರಿನ ಗ್ರಂಥಾಲಯದ ಎದುರು ನಿಲ್ಲಿಸಿದಳು.

ಅಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುತ್ತಿದ್ದವರು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ತೆಳ್ಳನೆಯ ಗ್ರಂಥಪಾಲಕರು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವಂಥವರು.

"ಏನಾದ್ರೂ ಆಗೋ ಪುಸ್ತಕ ಬೇಕಿತ್ತು ಸಾರ್" ಎಂದಳು.

"ಅಂದ್ರೆ?"

"ಕಷ್ಟ ಬರಬೇಕು. ಮಕ್ಕಳಿಗೆ ಬರಬೇಕು. ಆಮೇಲೆ ಅವರು ಹೇಗೋ ಅದರಿಂದ ಆಚೆ ಬರಬೇಕು. ಮನೆಮಂದಿಯೆಲ್ಲಾ ಕೂತು ಓದೋಕೆ."

ಗ್ರಂಥಪಾಲಕರು ಎದ್ದು ಹೋಗಿ ದಪ್ಪನೆಯ ಒಂದು ಪುಸ್ತಕ ತಂದುಕೊಟ್ಟರು. ತುಂಬ ಓಡಾಡಿದ ಪುಸ್ತಕ ಎಂದರು. ರಟ್ಟಿನ ಮೂಲೆಗಳು ಸವೆದಿದ್ದವು. ಒಳಗೇನಿದೆ ಎಂದು ನೋಡದೆಯೇ ಅವಳು ಅದನ್ನು ಮನೆಗೆ ಒಯ್ದಳು. ಆಮೇಲೆ ಅವಳು ಹೇಳುತ್ತಿದ್ದದ್ದುಂಟು, ಕನ್ನಡಿ ನೋಡದೆ ಗಾಡಿ ತೆಗೆದದ್ದು ತಾನು ಜೀವನದಲ್ಲಿ ಅದೊಂದೇ ಸಲ ಎಂದು.

ಮೊದಲ ಎರಡು ದಿನ ಚೆನ್ನಾಗಿಯೇ ಸಾಗಿತು. ಮೀನುಗಾರನೊಬ್ಬನ ಮಗಳು, ಸಮುದ್ರ, ಬಿರುಗಾಳಿ. ದೊಡ್ಡವಳು ಕಿಟಕಿ ಬಿಟ್ಟು ಇತ್ತ ತಿರುಗಿದ್ದಳು. ಮೂರನೇ ದಿನ, ಪುಟದ ನಟ್ಟನಡುವೆ, ಮೀನುಗಾರ ಎರಡನೇ ಮದುವೆ ಮಾಡಿಕೊಂಡ. ಹೊಸ ಹೆಂಡತಿ ಮನೆಯೊಳಗೆ ಕಾಲಿಟ್ಟವಳೇ ಹುಡುಗಿಯ ಹಾಸಿಗೆಯನ್ನು ಹಿತ್ತಿಲಿಗೆ ಎಸೆದಳು.

ಚಿಕ್ಕವನು ಪುಸ್ತಕದ ಕಡೆ ನೋಡಿ, ಆಮೇಲೆ ಇವಳ ಮುಖ ನೋಡಿದ. ಲಿಫ್ಟ್ ಮೆಕ್ಯಾನಿಕ್ ಕೈ ಚಾಚಿ, "ಇವತ್ತಿಗೆ ಸಾಕು ಬಿಡು" ಎಂದ. ಆದರೆ ತಿರುವಿನ ಮಧ್ಯೆ ಗಾಡಿ ನಿಲ್ಲಿಸಿದರೆ ಹಿಂದಿನಿಂದ ಬಂದವರು ಗುದ್ದುತ್ತಾರೆ. ಅವಳು ಪುಸ್ತಕ ಕೊಡಲಿಲ್ಲ. ಗಂಟಲು ಸರಿಮಾಡಿಕೊಂಡು ಆ ಹೆಂಗಸಿಗೆ ಕೀರಲು ಧ್ವನಿಯೊಂದನ್ನು ಕೊಟ್ಟು, ಕಣ್ಣು ದೊಡ್ಡದು ಮಾಡಿ, "ಎಲ್ಲಾ ಬಟಾಣಿ ಎಣಿಸಿಡೇ, ಒಂದು ಕಡಿಮೆಯಾದ್ರೂ ನಿನ್ನ ಚರ್ಮ ಸುಲೀತೀನಿ" ಎಂದು ಓದಿದಳು. ಅಧ್ಯಾಯ ಮುಗಿಯುವವರೆಗೂ ಹಾಗೇ ಓದಿದಳು. ಚಿಕ್ಕವನು ನಕ್ಕು ನಕ್ಕು ಮಗುಚಿಬಿದ್ದ. ಅವನಪ್ಪ ಗೋಡೆ ನೋಡುತ್ತಿದ್ದ. ದೊಡ್ಡವಳು ನಗಲಿಲ್ಲ.

ಕ್ಲಚ್ ಮೇಡಂ ಪಾತ್ರೆ ತೊಳೆಯುತ್ತಿದ್ದಾಗ ದೊಡ್ಡವಳು ಬಂದು ಪಕ್ಕದಲ್ಲಿ ನಿಂತಳು. ಈ ಸಲ ಇವಳು ತಿರುಗುವವರೆಗೆ ಕಾಯಲಿಲ್ಲ.

"ಅದನ್ನ ಯಾಕೆ ಓದಿದ್ರಿ? ಬಿಟ್ಟುಬಿಡಬಹುದಿತ್ತಲ್ಲ."

"ಅಲ್ಲಿ ಬರೆದಿತ್ತು. ಬಿಟ್ಟಿದ್ರೆ ನಿಂಗೆ ಗೊತ್ತಾಗ್ತಿರಲಿಲ್ವಾ?"

ಹುಡುಗಿ ಸ್ವಲ್ಪ ಯೋಚಿಸಿದಳು. "ಗೊತ್ತಾಗ್ತಿತ್ತು. ನಾನು ಮೊದಲೇ ಓದಿ ನೋಡಿದ್ದೆ" ಎಂದು ಹೇಳಿ ಹೊರಟುಹೋದಳು.

ಕ್ಲಚ್ ಮೇಡಂ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತಳು. ಮುಂದೇನು ಬರುತ್ತದೆಂದು ತಿಳಿದಿದ್ದೂ ಹುಡುಗಿ ಬಾಯಿ ಬಿಡದೆ ಕೂತಿದ್ದಳು, ಇವಳು ಏನು ಮಾಡುತ್ತಾಳೆಂದು ನೋಡುವುದಕ್ಕೆ. ಆ ಪರೀಕ್ಷೆಯಲ್ಲಿ ತಾನು ಪಾಸೋ ಫೇಲೋ ಅವಳಿಗೆ ಗೊತ್ತಾಗಲಿಲ್ಲ. ಆದರೆ ಮುಂದಿನ ಪುಸ್ತಕವನ್ನು ಮೊದಲು ತಾನು ಓದದೆ ಮನೆಯೊಳಗೆ ತರುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದಳು.

ಗಂಡನ ತೀರ್ಮಾನ ಬೇರೆಯಾಗಿತ್ತು. "ನೋಡು, ಈ ಕಷ್ಟದ ಕಥೆಗಳು ಬೇಡ" ಎಂದ. "ಈ ಮನೇಲಿ ಆಗಿರೋದೇ ಸಾಲದಾ? ಪುಸ್ತಕದಿಂದ ಬೇರೆ ತಂದು ತುಂಬಿಸಬೇಕಾ? ಮಕ್ಕಳು ನಗ್ತಾ ಇರಲಿ."

"ದೊಡ್ಡವಳು ನಗ್ತಾ ಇದ್ದಾಳೇನ್ರೀ?"

ಅವನು ಎದ್ದು ಟಿ.ವಿ.ಯ ಕಡೆ ಹೊರಟ.

"ಹೊರಗಿಂದ ತರೋದೇನೂ ಇಲ್ಲ, ಅದು ಇಲ್ಲೇ ಇದೆ. ನಾವು ಅದರ ಸುತ್ತ ಕಾಲು ಎತ್ತಿಟ್ಟುಕೊಂಡು ಓಡಾಡ್ತಾ ಇದ್ದೀವಿ ಅಷ್ಟೆ. ನಂಗೆ ಒಂದೆರಡು ತಿಂಗಳು ಟೈಮ್ ಕೊಡಿ. ಸರಿಯಾದ್ದು ಸಿಗೋವರೆಗೂ ಮೊಲಾನೇ ಓದೋಣ."

ಡ್ರೈವಿಂಗ್ ಸ್ಕೂಲಿನಲ್ಲಿ ಕಾಯುವ ಹೊತ್ತು ಬೇಕಾದಷ್ಟಿರುತ್ತದೆ. ಒಬ್ಬರು ಇಳಿದು ಇನ್ನೊಬ್ಬರು ಬರುವವರೆಗೆ ಹತ್ತು ನಿಮಿಷ, ಲೈಸೆನ್ಸ್ ಕಚೇರಿಯ ಮುಂದಿನ ಸಾಲಿನಲ್ಲಿ ಒಂದು ಗಂಟೆ. ಅಲ್ಲೆಲ್ಲ ಅವಳು ಸೀಟು ಹಿಂದಕ್ಕೆ ಸರಿಸಿ ಮಕ್ಕಳ ಪುಸ್ತಕ ಓದತೊಡಗಿದಳು. ಗ್ರಂಥಪಾಲಕರು ಒಂದು ಸಲಕ್ಕೆ ಮೂರು ಪುಸ್ತಕ ಕೊಡುತ್ತಿದ್ದರು. ಅವಳು ಮೂರೇ ದಿನದಲ್ಲಿ ವಾಪಸು ತರುತ್ತಿದ್ದಳು. ಹಾಜರಿ ಬರೆಯುವ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಪುಸ್ತಕಕ್ಕೂ ಎರಡೆರಡು ಸಾಲು ಬರೆದಿಟ್ಟಳು. "ಹುಡುಗ ಒಂದು ಸಲವೂ ಸಿಟ್ಟಾಗಲಿಲ್ಲ. ನಂಬೋಕಾಗಲ್ಲ." "ಕೊನೇ ಪುಟದಲ್ಲಿ ಶ್ರೀಮಂತ ಸೋದರಮಾವ ಬಂದು ಎಲ್ಲಾ ಸರಿ ಮಾಡ್ತಾನೆ. ನಮಗೆ ಅಂಥ ಮಾವ ಇಲ್ಲ." "ಅಳಿಸೋದಕ್ಕೇ ಬರೆದಿರೋದು. ನಾಯಿಯನ್ನ ಸುಮ್ಮಸುಮ್ಮನೆ ಸಾಯಿಸಿದ್ದಾರೆ." "ಹಸಿವಿನ ಕಥೆ, ಆದರೆ ಬರೆದವರು ಹಸಿದಿಲ್ಲ." "ಇದು ಒಳ್ಳೇದು. ಚಿಕ್ಕವನಿಗೆ ಇನ್ನೂ ಎರಡು ವರ್ಷ ಆಗಲಿ."

ಒಂದು ದಿನ ಅವಳು ಮೂರು ಪುಸ್ತಕಗಳನ್ನು ಧಡಾರನೆ ಮೇಜಿನ ಮೇಲಿಟ್ಟು ಗ್ರಂಥಪಾಲಕರನ್ನು ತರಾಟೆಗೆ ತೆಗೆದುಕೊಂಡಳು.

"ಇಲ್ಲಿಗೆ ಹತ್ತೊಂಬತ್ತು ಓದಿದೆ ಸಾರ್. ಹತ್ತರಲ್ಲಿ ಮಲತಾಯಿ. ಹತ್ತು ಜನಾನೂ ರಾಕ್ಷಸಿಯರೇ. ಒಬ್ಬಳಾದ್ರೂ ನೆಟ್ಟಗಿರೋಳು ಸಿಗಲಿಲ್ವಾ ನಿಮಗೆ?"

"ನಾನೇನು ಮಾಡ್ಲಿ ಮೇಡಂ, ಬರೆದೋನು ನಾನಲ್ಲ" ಎಂದರು ಗ್ರಂಥಪಾಲಕರು, ಹಣೆಯ ಮೇಲಿದ್ದ ಕನ್ನಡಕ ಕಣ್ಣಿಗಿಳಿಸಿಕೊಂಡು. ಇವಳನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. "ಅಲ್ಲ, ಈ ಪುಸ್ತಕ ಯಾರಿಗೆ ಅಂತ ನೀವು ನಂಗೆ ಸರಿಯಾಗಿ ಹೇಳೇ ಇಲ್ಲ."

ಆಗ ಅವಳು ಹೇಳಿದಳು. ಮೂರನೇ ಮಹಡಿ, ದೊಡ್ಡವಳು, ಚಿಕ್ಕವನು, ಟಿ.ವಿ. ಹಾಕುವ ಗಂಡ, ಎಲ್ಲವನ್ನೂ. ಗ್ರಂಥಪಾಲಕರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಬಳಿಕ ಒಳಗೆ ಹೋಗಿ ಎರಡು ಪುಸ್ತಕ ತಂದರು. "ಮೊದಲು ಇದು" ಎಂದು ಒಂದನ್ನು ಮುಂದೆ ತಳ್ಳಿದರು. "ಇನ್ನೊಂದನ್ನ ನೀವು ಓದಿ. ಮನೇಲಿ ಓದಬೇಕೋ ಬೇಡವೋ ನೀವೇ ನೋಡಿ, ನಾನು ಹೇಳಲ್ಲ."

ಮೊದಲನೆಯದು ನೆರೆ ಬಂದು ಮನೆ ಕಳೆದುಕೊಂಡವರ ಕಥೆ. ನಲವತ್ತು ಕುಟುಂಬಗಳು ಒಂದು ಶಾಲೆಯಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಮಕ್ಕಳು ಒಂದು ಬಕೆಟ್ಟಿಗಾಗಿ ಹೊಡೆದಾಡುತ್ತಾರೆ. ಕಷ್ಟವಿದ್ದರೂ ಪುಟಪುಟಕ್ಕೂ ನಗು ಬರುತ್ತಿತ್ತು. ಮೊಲಗಳು ಸಾಕೆನಿಸಿದ್ದ ಮನೆಗೆ ಅದನ್ನು ತಂದಳು. ಗಂಡ ಮೊದಲ ದಿನ ಮುಖ ಸಿಂಡರಿಸಿದ, ನಾಲ್ಕನೇ ದಿನ ಕೆಲಸದಿಂದ ಬಂದವನೇ "ಆ ಬಕೆಟ್ ಕೊನೆಗೆ ಯಾರಿಗೆ ಸಿಕ್ತು?" ಎಂದು ಕೇಳಿದ. ಚಿಕ್ಕವನು ಬೆರಳಿಟ್ಟು ಅರ್ಧರ್ಧ ಪುಟ ತಾನೇ ಓದತೊಡಗಿದ. ಪುಸ್ತಕ ಮುಗಿದ ದಿನ ದೊಡ್ಡವಳು ಕೇಳದೆಯೇ ತನ್ನ ಅಭಿಪ್ರಾಯ ಹೇಳಿದಳು. "ಅವರು ಕಷ್ಟದಲ್ಲಿದ್ರೂ ಜಗಳ ಆಡ್ತಾರಲ್ಲ, ಅದು ಚೆನ್ನಾಗಿದೆ. ಬೇರೆ ಪುಸ್ತಕದಲ್ಲಿ ಕಷ್ಟ ಬಂದ ಕೂಡಲೇ ಎಲ್ಲರೂ ಒಳ್ಳೆಯವರಾಗಿಬಿಡ್ತಾರೆ."

ಕ್ಲಚ್ ಮೇಡಂ ಆ ಮಾತನ್ನು ಹಾಗೇ ನೋಟ್‌ಬುಕ್ಕಿಗೆ ಇಳಿಸಿದಳು.

ಎರಡನೆಯ ಪುಸ್ತಕವನ್ನು ಅವಳು ಗಾಡಿಯ ಡ್ಯಾಶ್‌ಬೋರ್ಡಿನೊಳಗೆ ಬಚ್ಚಿಟ್ಟು ಮೂರು ಸಲ ಓದಿದಳು. ಬೆಟ್ಟದ ಬುಡದ ರೈಲ್ವೆ ಗೇಟು. ಗೇಟು ಕಾಯುವವಳು ತಾಯಿ. ಗಂಡ, ಇಬ್ಬರು ಹೆಣ್ಣುಮಕ್ಕಳು. ಆ ತಾಯಿ ತುಂಬ ತಮಾಷೆಯವಳು, ರೈಲಿನಲ್ಲಿ ಹೋಗುವವರಿಗೆಲ್ಲ ಒಂದೊಂದು ಅಡ್ಡಹೆಸರು ಇಡುವವಳು. ಕಾಯಿಲೆ ಬೀಳುತ್ತಾಳೆ. ಹನ್ನೆರಡನೇ ಅಧ್ಯಾಯದಲ್ಲಿ ತೀರಿಹೋಗುತ್ತಾಳೆ. ಉಳಿದ ಪುಸ್ತಕವೆಲ್ಲ ಆಮೇಲಿನದು. ಸೂಜಿದಾರ ಎಲ್ಲಿಟ್ಟಿದ್ದಳೆಂದು ಯಾರಿಗೂ ಗೊತ್ತಿಲ್ಲ. ಚಿಕ್ಕ ಹುಡುಗಿಯ ಉಗುರು ಯಾರು ಕತ್ತರಿಸಬೇಕು? ದೊಡ್ಡ ಹುಡುಗಿಗೆ ಅಪ್ಪನ ಮೇಲೆ ಕೆಂಡದಂಥ ಸಿಟ್ಟು, ಯಾಕೆಂದು ಅವಳಿಗೇ ತಿಳಿಯದು. ಸೋದರಮಾವ ಬರುವುದಿಲ್ಲ, ಪವಾಡ ನಡೆಯುವುದಿಲ್ಲ. ಕೊನೆಗೆ ಆ ಮನೆಯವರು ಅಡುಗೆ ಮಾಡುತ್ತಾರೆ, ಗೇಟು ಹಾಕುತ್ತಾರೆ, ಒಂದು ದಿನ ಒಂದು ರೈಲಿಗೆ ತಾವೇ ಅಡ್ಡಹೆಸರು ಇಡುತ್ತಾರೆ. ಮೊದಲ ಸಲ ಓದಿದಾಗ ಕ್ಲಚ್ ಮೇಡಂ ಅತ್ತಳು. ಪಾಠಕ್ಕೆ ಬಂದ ವಿದ್ಯಾರ್ಥಿನಿ, "ನಾನು ನಿನ್ನೆ ಅಷ್ಟು ಕೆಟ್ಟದಾಗಿ ಓಡಿಸಿದ್ನಾ ಮೇಡಂ?" ಎಂದು ಗಾಬರಿಯಾದಳು.

ಗಂಡನಿಗೆ ಕಥೆ ಹೇಳಿದಳು. "ಬೇಡ" ಎಂದ. ಜಪ್ಪಯ್ಯ ಎಂದರೂ ಒಪ್ಪಲಿಲ್ಲ. "ಮಗು ಮತ್ತೆ ಅದನ್ನೆಲ್ಲಾ ಅನುಭವಿಸಬೇಕಾ?"

"ನೀವೂ ಬೇಡ, ನಾನೂ ಬೇಡ. ಅವಳನ್ನೇ ಕೇಳೋಣ" ಎಂದಳು ಇವಳು. ಹುಡುಗಿ ಬೇಡವೆಂದರೆ ಪುಸ್ತಕ ವಾಪಸು ಹೋಗುತ್ತದೆ ಎಂಬ ಮಾತಿನ ಮೇಲೆ ಅವನು ಅರೆಮನಸ್ಸಿನಿಂದ ತಲೆಯಾಡಿಸಿದ.

ಭಾನುವಾರ ಬೆಳಗ್ಗೆ ದೊಡ್ಡವಳು ಅಡುಗೆಮನೆಯ ಮೆಟ್ಟಿಲಿನಂಥ ಸ್ಟೂಲಿನ ಮೇಲೆ ಕೂತು ಶೂ ಪಾಲಿಶ್ ಮಾಡುತ್ತಿದ್ದಳು. ಕ್ಲಚ್ ಮೇಡಂ ಎದುರಿಗೆ ನೆಲದ ಮೇಲೆ ಕೂತಳು. ಪುಸ್ತಕವನ್ನು ಇಬ್ಬರ ನಡುವೆ ಇಟ್ಟಳು. ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ.

"ಇದರಲ್ಲಿ ಒಬ್ಬಳು ಅಮ್ಮ ಇದ್ದಾಳೆ. ತುಂಬಾ ಚೆನ್ನಾಗಿದ್ದಾಳೆ. ಹನ್ನೆರಡನೇ ಅಧ್ಯಾಯದಲ್ಲಿ ಸತ್ತುಹೋಗ್ತಾಳೆ. ಓದೋಣ ಅಂದ್ರೆ ಓದೋಣ, ಬೇಡ ಅಂದ್ರೆ ನಾಳೇನೇ ವಾಪಸ್ ಕೊಡ್ತೀನಿ. ನೀನು ಏನಂದ್ರೂ ಸರಿಯೇ."

ಹುಡುಗಿಯ ಕೈಯಲ್ಲಿದ್ದ ಬ್ರಶ್ ನಿಂತಿತು.

"ಆಮೇಲೆ?" ಎಂದಳು.

"ಆಮೇಲೆ ಇನ್ನೂ ಹದಿನಾಲ್ಕು ಅಧ್ಯಾಯ ಇದೆ."

"ಹದಿನಾಲ್ಕಾ?" ಹುಡುಗಿ ಪುಸ್ತಕ ಎತ್ತಿಕೊಂಡು ಹನ್ನೆರಡನೆಯದು ಎಲ್ಲಿದೆಯೆಂದು ಹುಡುಕಿ, ಅಲ್ಲಿ ಬೆರಳಿಟ್ಟು ಎರಡೂ ಕಡೆಯ ದಪ್ಪವನ್ನು ಹೋಲಿಸಿ ನೋಡಿದಳು. ಉಳಿದದ್ದೇ ಹೆಚ್ಚಿತ್ತು. "ಓದೋಣ. ಆದರೆ ಹನ್ನೆರಡನೇದನ್ನ ಅಪ್ಪ ಓದಬೇಕು."

ಲಿಫ್ಟ್ ಮೆಕ್ಯಾನಿಕ್‌ಗೆ ಆ ಷರತ್ತು ತಿಳಿಸಿದಾಗ ಅವನು ಹೋಗಿ ಬಾಲ್ಕನಿಯಲ್ಲಿ ನಿಂತ. ಆದರೆ ಬೇಡವೆನ್ನಲಿಲ್ಲ.

ಮೊದಲ ಹನ್ನೊಂದು ಅಧ್ಯಾಯಗಳನ್ನು ಕ್ಲಚ್ ಮೇಡಂ ಓದಿದಳು. ಗೇಟಿನ ಅಮ್ಮನಿಗೆ ಅವಳು ಕೊಟ್ಟ ಗಡಸು ತಮಾಷೆಯ ಧ್ವನಿ ಚಿಕ್ಕವನಿಗೆ ಎಷ್ಟು ಹಿಡಿಸಿತೆಂದರೆ ಅವನು ತಮ್ಮ ಕಟ್ಟಡದವರಿಗೆಲ್ಲ ಅಡ್ಡಹೆಸರು ಇಡತೊಡಗಿದ. ಕೆಳಗಿನ ಮನೆಯ, ಕಾಗದಕ್ಕೆ ಠಸ್ಸೆ ಒತ್ತುವ ಅಂಚೆಯಣ್ಣ ಒಂದೇ ದಿನದಲ್ಲಿ ಠಪ್ಪೆ ಮಾಮ ಆದ. ಮುಂದೇನು ಬರುತ್ತದೆಂದು ಚಿಕ್ಕವನಿಗೂ ಹೇಳಿಟ್ಟಿದ್ದರು. ಅವನು ದಿನಾ "ಇವತ್ತು ಹನ್ನೆರಡಾ?" ಎಂದು ಕೇಳಿ, ಅಲ್ಲವೆಂದರೆ ಸಮಾಧಾನದಿಂದ ಕೂರುತ್ತಿದ್ದ.

ಆ ದಿನ ಬಂತು. ಇನ್ನೂ ಬೆಳಕಿತ್ತು. ಅಪ್ಪ ಪುಸ್ತಕ ತೆಗೆದುಕೊಂಡು ಕೂತ. ಎಂದಿನ ಹಾಗೆ ಶುರುಮಾಡಿದ, ಒಂದು ವಾಕ್ಯ, ನಿಲುಗಡೆ, ಇನ್ನೊಂದು ವಾಕ್ಯ, ನಿಲುಗಡೆ. ಆ ಅಧ್ಯಾಯಕ್ಕೆ ಅದೇ ಸರಿಯಾಗಿತ್ತು. ಮೂರನೇ ಪುಟದಲ್ಲಿ ತಾಯಿಯ ಕೆಮ್ಮು ನಿಂತುಹೋಗಿ ಮನೆ ನಿಶ್ಶಬ್ದವಾಯಿತು ಎಂಬಲ್ಲಿಗೆ ಬಂದಾಗ ಅವನ ಓದು ನಿಂತಿತು. ಎರಡು ಸಲ ಪ್ರಯತ್ನಿಸಿದ. ಆಗಲಿಲ್ಲ. ದೊಡ್ಡವಳು ಅವನ ಕೈಯಿಂದ ಪುಸ್ತಕ ತೆಗೆದುಕೊಂಡು, ನೆಟ್ಟಗೆ ಕೂತು, ಆ ಪುಟವನ್ನು ಮುಗಿಸಿದಳು.

ಆಮೇಲೆ ಚಿಕ್ಕವನು ಕೇಳಿದ, "ಅಪ್ಪಾ, ನಮ್ಮ ಅಮ್ಮ ಸತ್ತ ದಿನ ನಾನೆಲ್ಲಿದ್ದೆ?"

ಕ್ಲಚ್ ಮೇಡಂ ಟಿ.ವಿ.ಯ ಕಡೆ ಕಣ್ಣು ಹಾಯಿಸಿದಳು. ಗಂಡ ಅಲ್ಲಾಡಲಿಲ್ಲ.

"ಪಕ್ಕದ ಮನೇಲಿದ್ದೆ ಕಂದ. ನಿಂಗೆ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಿದ್ರು. ನೀನು ಅವರ ಗೋಡೆ ಪೂರ್ತಿ ಗೀಚಿಟ್ಟಿದ್ದೆ."

"ಏನು ಬರೆದಿದ್ದೆ?"

"ಬಸ್ಸು. ಬರೀ ಬಸ್ಸುಗಳು."

"ನಾನು ಸ್ಕೂಲಲ್ಲಿದ್ದೆ" ಎಂದಳು ದೊಡ್ಡವಳು. ಧ್ವನಿ ಏರಿರಲಿಲ್ಲ, ಆದರೆ ಪ್ರತಿ ಮಾತೂ ಕಲ್ಲಿನ ಹಾಗೆ ಬೀಳುತ್ತಿತ್ತು. "ಬೆಳಗ್ಗೆ ಹತ್ತು ಗಂಟೆಗೇ ಆಗಿತ್ತು. ನಂಗೆ ಯಾರೂ ಹೇಳಲಿಲ್ಲ. ನಾನು ಸಂಜೆವರೆಗೂ ಆಟ ಆಡ್ತಿದ್ದೆ. ನಗ್ತಿದ್ದೆ. ಮನೆಗೆ ಬಂದಾಗ ಎಲ್ಲರಿಗೂ ಗೊತ್ತಿತ್ತು, ನಂಗೊಬ್ಬಳಿಗೇ ಗೊತ್ತಿರಲಿಲ್ಲ."

ಮೂರು ವರ್ಷದಿಂದ ಆ ಹುಡುಗಿ ಹೊತ್ತು ತಿರುಗಿದ್ದು ಇದನ್ನು. ಅವಳಪ್ಪ ಎರಡೂ ಕೈಯಿಂದ ಮುಖ ಒರೆಸಿಕೊಂಡ.

"ಹೇಳೋಕೆ ಬಾಯಿ ಬರಲಿಲ್ಲ ಮಗಳೇ. ಸ್ಕೂಲಿನ ಗೇಟಿನ ತನಕ ಬಂದಿದ್ದೆ. ಆಟದ ಮೈದಾನದಲ್ಲಿ ನೀನು ಓಡ್ತಾ ಇದ್ದೆ. ಇನ್ನೊಂದು ಸ್ವಲ್ಪ ಹೊತ್ತು ಹೀಗೇ ಇರಲಿ ಅನ್ನಿಸ್ತು. ವಾಪಸ್ ಬಂದುಬಿಟ್ಟೆ. ತಪ್ಪಾಯ್ತು."

ಹುಡುಗಿಗೆ ಇದು ಗೊತ್ತಿರಲಿಲ್ಲ. "ಬಂದಿದ್ರಾ?" ಎಂದಳು. ಅವಳ ಮುಖ ಕಿವುಚಿಕೊಂಡಿತು. ಅವನು ಹತ್ತಿರ ಸರಿದ. ಅವಳು ಮೊದಲು ಅವನ ಭುಜಕ್ಕೆ ಎರಡು ಗುದ್ದು ಗುದ್ದಿ, ಬಳಿಕ ಅಲ್ಲೇ ತಲೆಯಿಟ್ಟು ಅತ್ತಳು.

ಇದು ಅವರ ಮೂವರದು ಎನಿಸಿ ಕ್ಲಚ್ ಮೇಡಂ ಮೆಲ್ಲನೆ ಎದ್ದಳು. ಬಾಗಿಲ ತನಕವೂ ಹೋಗಿರಲಿಲ್ಲ, ಚಿಕ್ಕವನು ಕೂಗಿದ. "ಚಿಕ್ಕಮ್ಮ, ಎಲ್ಲಿಗೆ? ಇನ್ನೂ ಎರಡು ಪುಟ ಇದೆ!"

"ನೀರು ತರ್ತೀನಿ ಕಣೋ."

"ಬೇಗ ಬನ್ನಿ" ಎಂದದ್ದು ಚಿಕ್ಕವನಲ್ಲ, ದೊಡ್ಡವಳು. ಅಪ್ಪನ ಭುಜದಿಂದ ಮುಖ ಎತ್ತದೆಯೇ ಹೇಳಿದಳು. "ನೀವೇ ಓದಿ. ನೀವಾದ್ರೆ ಮುಂದೇನು ಬರುತ್ತೆ ಅಂತ ಮೊದಲೇ ಹೇಳ್ತೀರಿ."

ಅಡುಗೆಮನೆಯಲ್ಲಿ ನೀರಿನ ಲೋಟ ತುಂಬಿ ಚೆಲ್ಲುವವರೆಗೂ ಅವಳು ನಲ್ಲಿ ನಿಲ್ಲಿಸುವುದನ್ನು ಮರೆತಿದ್ದಳು. ಆಮೇಲೆ ಹೋಗಿ ಉಳಿದ ಎರಡು ಪುಟ ಓದಿದಳು.

ಮಿಕ್ಕ ಹದಿನಾಲ್ಕು ಅಧ್ಯಾಯಕ್ಕೆ ಮೂರು ವಾರ ಹಿಡಿಯಿತು. ಯಾಕೆಂದರೆ ಪ್ರತಿ ಪುಟಕ್ಕೂ ಓದು ನಿಂತು ಮಾತು ಶುರುವಾಗುತ್ತಿತ್ತು. ಅಮ್ಮ ಕೊಡೆಯನ್ನು ಯಾವಾಗಲೂ ಬಸ್ಸಿನಲ್ಲಿ ಮರೆತು ಬರುತ್ತಿದ್ದದ್ದು, ಲೆಕ್ಕ ಹೇಳಿಕೊಡುವಾಗ ತಾನೇ ತಪ್ಪು ಮಾಡಿ ಪುಸ್ತಕವನ್ನು ಬೈಯುತ್ತಿದ್ದದ್ದು, ಹಾಡು ಗುನುಗುತ್ತ ಪದಗಳನ್ನೆಲ್ಲ ತಪ್ಪು ಹೇಳುತ್ತಿದ್ದದ್ದು. ಕ್ಲಚ್ ಮೇಡಂ ಕಾಣದೇ ಇದ್ದ ಹೆಂಗಸು ನಿಧಾನವಾಗಿ ಅವಳಿಗೂ ಪರಿಚಯವಾದಳು. ಹೊಟ್ಟೆಕಿಚ್ಚು ಆಗಲಿಲ್ಲವೇ ಎಂದು ಡ್ರೈವಿಂಗ್ ಸ್ಕೂಲಿನ ಗೆಳತಿಯೊಬ್ಬಳು ಕೇಳಿದಾಗ ಅವಳು, "ಅಯ್ಯೋ, ಅವಳಿದ್ದಿದ್ರೆ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದ್ತಿತ್ತು ಕಣೇ. ಮರೆಗುಳಿ, ನನ್ನ ಹಾಗೇ" ಎಂದಳು. ಅಮ್ಮ ಎಂದು ಅವಳನ್ನು ಯಾರೂ ಕರೆಯಲಿಲ್ಲ, ಅವಳು ಅದನ್ನು ಕಾಯಲೂ ಇಲ್ಲ. ದೊಡ್ಡವಳು ಈಗ ಕೋಣೆಯಾಚೆಯಿಂದಲೇ ಜೋರಾಗಿ ಕೂಗುತ್ತಾಳೆ, ಎದುರುತ್ತರ ಕೊಡುತ್ತಾಳೆ, ಬಾಗಿಲು ಧಡ್ಡನೆ ಹಾಕಿಕೊಳ್ಳುತ್ತಾಳೆ. ಮೊದಲ ಸಲ ಬಾಗಿಲು ಹಾಕಿಕೊಂಡ ದಿನ ಕ್ಲಚ್ ಮೇಡಂಗೆ ಎಷ್ಟು ಸಂತೋಷವಾಯಿತೆಂದರೆ ಬೈಯುವುದಕ್ಕೇ ಮರೆತಳು. ಮರುದಿನ ನೆನಪು ಮಾಡಿಕೊಂಡು ಬೈದಳು.

ಓದುವುದು ನಿಲ್ಲಲಿಲ್ಲ. ಎಲ್ಲ ಪುಸ್ತಕವೂ ಸಾವಿನದಾಗಬೇಕಿಲ್ಲವೆಂದು ಎರಡು ಕಷ್ಟದ ಪುಸ್ತಕಕ್ಕೆ ಒಂದು ತರಲೆ ಪುಸ್ತಕ ಎಂಬ ನಿಯಮವನ್ನು ಚಿಕ್ಕವನು ಮಾಡಿದ. ನೋಟ್‌ಬುಕ್ಕಿನ ವಿಷಯ ಗ್ರಂಥಪಾಲಕರಿಗೆ ಹೇಗೋ ತಿಳಿದು, ಅವರು ನಿವೃತ್ತರಾಗುವ ಮುಂಚೆ ಅದರ ಪ್ರತಿ ಮಾಡಿಸಿ ಮಕ್ಕಳ ವಿಭಾಗದ ಮೇಜಿನ ಮೇಲೆ ದಾರ ಕಟ್ಟಿ ಇಟ್ಟರು. ಅಪ್ಪ ಅಮ್ಮಂದಿರು ಅದನ್ನು ತಿರುವಿ ಹಾಕಿ ನಗುತ್ತ ಪುಸ್ತಕ ಆರಿಸುವುದು ರೂಢಿಯಾಯಿತು. ಸಂದೇಹ ಬಂದವರನ್ನು ನೇರ ಡ್ರೈವಿಂಗ್ ಸ್ಕೂಲಿಗೆ ಕಳಿಸುವುದೂ ರೂಢಿಯಾಯಿತು.

ಹಾಗೆ ಬಂದವನು ಒಬ್ಬ ದರ್ಜಿ. ಅವನ ಎಂಟು ವರ್ಷದ ಮಗಳು ಕಾಲಿನ ಆಪರೇಷನ್ ಆಗಿ ಐದು ತಿಂಗಳಿಂದ ಹಾಸಿಗೆಯಲ್ಲಿದ್ದಳು. ಕಾಯಿಲೆಯ ಮಕ್ಕಳ ಕಥೆ ಕೊಡಲೋ ಬೇಡವೋ ಎಂದು ಕೊರಳಲ್ಲಿದ್ದ ಅಳತೆ ಟೇಪನ್ನು ತಿರುಚುತ್ತ ಕೇಳಿದ.

"ಅವಳು ಕಾಲಿನ ವಿಷಯ ನಿಮ್ಮ ಹತ್ರ ಮಾತಾಡ್ತಾಳಾ?" ಎಂದಳು ಕ್ಲಚ್ ಮೇಡಂ.

"ಇಲ್ಲ. ನಾವೂ ಎತ್ತಲ್ಲ."

"ಸಿಟ್ಟು ಬಂದ್ರೆ ಏನು ಮಾಡ್ತಾಳೆ?"

"ದಿಂಬು ಎಸೀತಾಳೆ."

"ಹಾಗಾದ್ರೆ ಸರಿ" ಎಂದು ಅವಳು ದಿಂಬು ಎಸೆಯುವ ಹುಡುಗಿಯೇ ಇರುವ ಒಂದು ಪುಸ್ತಕದ ಹೆಸರು ಬರೆದುಕೊಟ್ಟಳು. "ಮೊದಲು ನೀವು ಓದಿ. ಆಮೇಲೆ ಒಳಗೇನಿದೆ ಅಂತ ಅವಳಿಗೆ ಹೇಳಿ. ಆಮೇಲೆ ಕೇಳಿ."

ಹದಿನೈದು ದಿನ ಬಿಟ್ಟು ದರ್ಜಿ ಮತ್ತೆ ಬಂದ. ಇವಳು ಆಗಷ್ಟೇ ಒಬ್ಬರನ್ನು ಇಳಿಸಿ ಗಾಡಿಯ ಕನ್ನಡಿ ಒರೆಸುತ್ತಿದ್ದಳು.

"ಓದಿದ್ವಿ ಮೇಡಂ. ಆರನೇ ಪುಟಕ್ಕೇ ಬೋರು ಅಂದ್ಬಿಟ್ಟಳು. ಆ ಹುಡುಗಿಗೆ ದಿಂಬು ಸರಿಯಾಗಿ ಎಸೆಯೋಕೇ ಬರಲ್ವಂತೆ. ಹೇಗೆ ಎಸೀಬೇಕು ಅಂತ ನಂಗೆ ತೋರಿಸಿದ್ಳು. ತೋರಿಸ್ತಾ ತೋರಿಸ್ತಾ ಕಾಲು ಎಷ್ಟು ನೋಯುತ್ತೆ ಅನ್ನೋದನ್ನೂ ಹೇಳಿದ್ಳು."

"ಬೋರು ಅಂದ್ಳಾ?" ಕ್ಲಚ್ ಮೇಡಂ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ನೋಟ್‌ಬುಕ್ ತೆಗೆದು, ಆ ಪುಸ್ತಕದ ಮುಂದೆ ಒಂದು ಸಾಲು ಸೇರಿಸಿದಳು. ಮುಂದಿನ ಪಾಠಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. "ಹತ್ತಿ ಗಾಡಿ. ಲೈಬ್ರರಿ ತೆಗೆದಿರುತ್ತೆ, ಇನ್ನೊಂದು ನೋಡೋಣ."